ಮೂರನೆಯ ಪೆಟ್ಟಿಗೆಯ ದೀಪ

ಅಕ್ಕೋರ ಪೆನ್‌ಟಾರ್ಚಿನ ಹಿಂತುದಿಯ ತುಂಬ ಹಲ್ಲಿನ ಗುರುತುಗಳಿದ್ದವು. ಎರಡೂ ಕೈ ಖಾಲಿ ಇರಲೆಂದು ಅದನ್ನು ಬಾಯಲ್ಲಿ ಕಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಯ ವಿಭೂತಿ ಕಬ್ಬಿಣದ ಚೌಕಟ್ಟಿಗೆ ತಾಗುವಷ್ಟು ಬಗ್ಗಿ ವೈರುಗಳನ್ನು ನೋಡುತ್ತಿದ್ದರು. ಎದ್ದಾಗ ಅರ್ಧ ವಿಭೂತಿ ಅಳಿಸಿ ಅಲ್ಲೊಂದು ಧೂಳಿನ ಗೆರೆ ಕೂತಿರುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನಮ್ಮ ಸೆಕ್ಷನ್ನಿನಲ್ಲಿ ಯಾರಿಗೂ ಇರಲಿಲ್ಲ.

ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಅಕ್ಕೋರು ಕಂಪ್ಯೂಟರ್ ಸೆಕ್ಷನ್ನಿನ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದವನು, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಮೊದಲು ಡಿಪ್ಲೊಮಾ ಕಾಲೇಜಿನಲ್ಲಿ ಕಲಿಸುತ್ತಿದ್ದರಾದ್ದರಿಂದ ಗೇಟಿನ ವಾಚ್‌ಮನ್ ಮೊದಲುಗೊಂಡು ಎಲ್ಲರಿಗೂ ಅವರು ಅಕ್ಕೋರು. ಹುಬ್ಬಳ್ಳಿಯ ಕಮರಿಪೇಟೆಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಅವರದೊಂದು ಕೆಂಪು ರಜಿಸ್ಟರ್ ಇತ್ತು. ನಾವು ಯಾವ ವೈರು ಮುಟ್ಟಿದರೂ ಅದರಲ್ಲಿ ಬರೆಯಬೇಕು, ಅದೂ ಕನ್ನಡದಲ್ಲಿ, ಎಲೆಕ್ಟ್ರಿಷಿಯನ್‌ಗೂ ತಿಳಿಯುವ ಹಾಗೆ.

ನಾನು ಸೇರಿದ ವರ್ಷವೇ ನಾಲ್ಕು ಹೊಸ ಸ್ವಿಚ್ಚುಗಳು ಬಂದವು. ಸ್ವಿಚ್ ಎಂದರೆ ಗೋಡೆಯ ಮೇಲಿನದಲ್ಲ, ಕಾರ್ಖಾನೆಯ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಇವುಗಳನ್ನು ಒಂದರ ಮೇಲೊಂದು ಇಟ್ಟು ಹಿಂದಿನಿಂದ ದಪ್ಪ ಕೇಬಲ್ಲಿನಲ್ಲಿ ಜೋಡಿಸಿದರೆ ನಾಲ್ಕೂ ಒಂದೇ ಪೆಟ್ಟಿಗೆಯಾಗಿ ನಡೆಯುತ್ತವೆ. ಒಂದು ಮಾಸ್ಟರ್ ಆಗುತ್ತದೆ, ಉಳಿದವು ಅದು ಹೇಳಿದಂತೆ ಕೇಳುತ್ತವೆ. ಮಾರಲು ಬಂದಿದ್ದ ಇಂಜಿನಿಯರ್, ಮೇಲಿನಿಂದ ಕೆಳಗೆ ಸರಪಳಿಯಂತೆ ಜೋಡಿಸಿದರೆ ಸಾಕು, ಮಾಸ್ಟರ್ ಯಾರೆಂದು ಅವೇ ಆರಿಸಿಕೊಳ್ಳುತ್ತವೆ ಎಂದ. ನಮ್ಮ ಮ್ಯಾನೇಜರರೂ ತಲೆ ಆಡಿಸಿದರು. ಅಕ್ಕೋರು ಒಪ್ಪಲಿಲ್ಲ. ಕೊನೆಯ ಪೆಟ್ಟಿಗೆಯಿಂದ ಮೊದಲನೆಯದಕ್ಕೆ ಇನ್ನೊಂದು ಉದ್ದನೆಯ ಕೇಬಲ್ ತರಿಸಿ ಬಳೆಯಂತೆ ಸುತ್ತು ಮುಗಿಸಿದರು. ಆಮೇಲೆ ಆ ಇಂಜಿನಿಯರನ ಕೈಯಿಂದಲೇ ನಡುವಿನ ಒಂದು ಕೇಬಲ್ ಕೀಳಿಸಿದರು. ಕಾರ್ಖಾನೆಯಲ್ಲಿ ಒಂದು ಕಂಪ್ಯೂಟರೂ ನಿಲ್ಲಲಿಲ್ಲ. ಅವನ ಮುಖ ಮಾತ್ರ ಸಪ್ಪಗಾಯಿತು.

ಮಾಸ್ಟರನ್ನೂ ಅವರೇ ಗೊತ್ತು ಮಾಡಿದರು. ಪ್ರತಿ ಪೆಟ್ಟಿಗೆಗೂ ಒಂದು ಹಿರಿತನದ ಅಂಕಿ ಕೊಡಬಹುದು. ಎಲ್ಲವೂ ಒಟ್ಟಿಗೆ ಚಾಲೂ ಆದಾಗ ಹೆಚ್ಚಿನ ಅಂಕಿ ಯಾರದೋ ಅದೇ ಯಜಮಾನ. ಮೊದಲನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ, ಹೀಗೆ ಇಳಿಸುತ್ತ ಬಂದರು. ತಾನಾಗಿಯೇ ಆರಿಸಿಕೊಳ್ಳುವುದನ್ನು ಯಾಕೆ ಬೇಡವೆಂದಿರಿ ಎಂದು ಕೇಳಿದೆ.

“ಅವಕ್ಕ ಬಿಟ್ರ, ನಾವು ಇಲ್ಲದ ದಿನಾ ನೋಡಿ ಆರಿಸ್ಕೋತಾವು, ತಮ್ಮಾ,” ಎಂದರು.

ಮ್ಯಾನೇಜರರಿಗೆ ಈ ಕೆಲಸವನ್ನೆಲ್ಲ ಹೊರಗಿನವರಿಗೆ ಗುತ್ತಿಗೆ ಕೊಡುವ ಆಸೆ ಮೊದಲಿನಿಂದಲೂ ಇತ್ತು. ಎಲ್ಲರ ಮುಂದೆ ಅವರು ಅದನ್ನೇ ಎತ್ತಿದಾಗ ಅಕ್ಕೋರು, ನಮ್ಮ ಜೋಡಣೆಯ ತಪ್ಪಿನಿಂದ ಈ ನಾಲ್ಕು ಪೆಟ್ಟಿಗೆ ಒಂದು ದಿನ ಬಿದ್ದರೆ ನಾನೇ ಕುರ್ಚಿ ಬಿಟ್ಟುಕೊಡುತ್ತೇನೆ ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುವರ್ಷ ಶ್ರಾವಣದಲ್ಲಿ ಮೂರನೆಯ ಪೆಟ್ಟಿಗೆ ಕೆಟ್ಟು ರಿಪೇರಿಗೆ ಹೋಗಿ ಬಂತು. ಹೊರಗೆ ಹೋಗಿ ಬಂದದ್ದನ್ನು ಹಾಗೆಯೇ ಸೇರಿಸಬಾರದು. ಮೊದಲು ಒಂಟಿಯಾಗಿ ಚಾಲೂ ಮಾಡಿ, ಅದರೊಳಗಿನ ಹಳೆಯದನ್ನೆಲ್ಲ ಅಳಿಸಿ, ಹಿರಿತನದ ಅಂಕಿ ನೋಡಿ ಇಳಿಸಬೇಕು. ಆಮೇಲೆ ಬಂದ್ ಮಾಡಿ ಜೋಡಿಸಬೇಕು, ಕೊನೆಗೆ ಸೇವ್ ಕೊಡಬೇಕು. ಅಂದು ಬಸ್ಸಿನ ಹೊತ್ತಾಗಿತ್ತು. ನಾನು ಸೀದಾ ಕೇಬಲ್ ಸಿಕ್ಕಿಸಿ ಚಾಲೂ ಮಾಡಿದೆ. ಎಲ್ಲ ಸರಿಯಾಗಿ ನಡೆಯಿತು. ನಡೆಯುತ್ತಿರುವ ಮಾಸ್ಟರನ್ನು ಹೊಸದಾಗಿ ಬಂದದ್ದು ಆ ಜಾಗದಿಂದ ಎಬ್ಬಿಸುವುದಿಲ್ಲವಲ್ಲ.

ಅಕ್ಕೋರು ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದರು, “ಅಂಕಿ ನೋಡಿದ್ಯೇನು?”

“ನೋಡೇನ್ರಿ ಅಕ್ಕೋರ.”

ರಜಿಸ್ಟರಿನಲ್ಲಿಯೂ ಹಾಗೆಯೇ ಬರೆದೆ. ನಾಳೆ ನೋಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ, ನಾನೂ ಮರೆತೆ.

ನೆನಪಾದದ್ದು ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ. ಪ್ರತಿ ವರ್ಷ ಯಂತ್ರಗಳನ್ನಷ್ಟೇ ನಿಲ್ಲಿಸಿ ಪೂಜೆ ಮಾಡುತ್ತಿದ್ದರು, ನಮ್ಮ ಕೋಣೆ ನಡೆದೇ ಇರುತ್ತಿತ್ತು. ಆ ವರ್ಷ ಮಾಲಕರು ಖುದ್ದಾಗಿ ಬರುವವರಿದ್ದರು, ಕಂಪ್ಯೂಟರಿಗೂ ಪೂಜೆಯಾಗಲಿ ಎಂದರಂತೆ. ಅಕ್ಕೋರಿಗೆ ಖುಷಿಯೇ ಆಗಿತ್ತು. ವರ್ಷಕ್ಕೊಮ್ಮೆ ಪೂರ್ತಿ ಬಂದ್ ಮಾಡಿ ಚಾಲೂ ಮಾಡಿದರೆ ನಿಜ ಏನಿದೆಯೆಂದು ಗೊತ್ತಾಗುತ್ತದೆ ಎಂದಿದ್ದರು. ಎಲೆಕ್ಟ್ರಿಷಿಯನ್ ಮೇನ್ ಇಳಿಸಿದ. ವರ್ಷವಿಡೀ ಗುಂಯ್‌ಗುಡುತ್ತಿದ್ದ ಕೋಣೆ ಒಮ್ಮೆಲೇ ಸುಮ್ಮನಾಯಿತು. ಆಗ ನನಗೆ ಹೊಳೆಯಿತು. ಎಲ್ಲವೂ ಒಟ್ಟಿಗೆ ಚಾಲೂ ಆದಾಗ ಹೆಚ್ಚಿನ ಅಂಕಿಯದು ಯಜಮಾನ, ಮತ್ತು ಮೂರನೆಯದರ ಅಂಕಿ ಎಷ್ಟೆಂದು ನನಗೆ ಗೊತ್ತೇ ಇಲ್ಲ.

ಅಕ್ಕೋರು ಒಂದೊಂದೇ ಪೆಟ್ಟಿಗೆಯನ್ನು ಒರೆಸಿ ಕುಂಕುಮ ಹಚ್ಚುತ್ತಿದ್ದರು. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಮೂರಕ್ಕೆ ಬಂದಾಗ ಹೇಳಿಬಿಡಬೇಕು ಎಂದುಕೊಂಡೆ. ಕೈಯಲ್ಲಿ ಚೆಂಡು ಹೂವಿನ ಮಾಲೆ ಹಿಡಿದು ನಿಂತೇ ಇದ್ದೆ. ಈಗ ಹೇಳಿದರೂ ಐದು ನಿಮಿಷದಲ್ಲಿ ಸರಿಹೋಗುವ ಮಾತು. ಆದರೆ ಹೇಳಿದರೆ ಸುಳ್ಳು ಹೇಳಿದ್ದನ್ನೂ ಹೇಳಬೇಕು. ಮಾಲೆಯನ್ನು ಅವರ ಕೈಗೆ ಕೊಟ್ಟೆ. ಮೇನ್ ಮೇಲೇರಿತು.

ಹೊರಗೆ ಗೇಟಿನಲ್ಲಿ ಪೂಜೆಯ ನಂತರದ ಮೊದಲ ಲಾರಿ ಮಾಲು ತುಂಬಿ ನಿಂತಿತ್ತು. ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಾಗಿತ್ತು. ಬಿಲ್ಲು ಪ್ರಿಂಟಾದರೆ ಮಾಲಕರು ಕಾಯಿ ಒಡೆಯುತ್ತಾರೆ, ಲಾರಿ ಹೊರಡುತ್ತದೆ. ಬಿಲ್ಲು ಬರಲಿಲ್ಲ. ಡಿಸ್ಪ್ಯಾಚಿನಿಂದ ಓಡಿಬಂದರು, ಸ್ಟೋರ್ಸಿನಿಂದ ಫೋನು ಬಂತು. ಕಾರ್ಖಾನೆಯಲ್ಲಿ ಯಾವ ಕಂಪ್ಯೂಟರಿಗೂ ಇನ್ನೊಂದರ ಸುದ್ದಿ ಇರಲಿಲ್ಲ. ಮ್ಯಾನೇಜರರು ಬಾಗಿಲಲ್ಲಿ ಬಂದು ನಿಂತರು. ಅವರ ಹಿಂದೆ ಮಾಲಕರು, ಕೈಯಲ್ಲಿ ತೆಂಗಿನಕಾಯಿ.

ಅಕ್ಕೋರು ಟಾರ್ಚು ಕಚ್ಚಿಕೊಂಡು ಬಗ್ಗಿದರು. ಮಾಸ್ಟರ್ ಎಂಬ ಹಸಿರು ದೀಪ ಮೂರನೆಯ ಪೆಟ್ಟಿಗೆಯಲ್ಲಿ ಉರಿಯುತ್ತಿತ್ತು. ರಿಪೇರಿಯವರು ಪರೀಕ್ಷೆಗೆಂದು ಅಂಕಿ ಏರಿಸಿದ್ದರು, ಅವರು ಹಾಕಿಟ್ಟ ಯಾವುದೋ ಜೋಡಣೆಯನ್ನು ಅದು ಉಳಿದ ಮೂರಕ್ಕೂ ಹೊರಿಸಿಬಿಟ್ಟಿತ್ತು. ಅಕ್ಕೋರು ಎದ್ದು ಟಾರ್ಚನ್ನು ಸೆರಗಿಗೆ ಒರೆಸಿದರು. ನನ್ನನ್ನು ನೋಡಿದರು. ಬಹಳ ಹೊತ್ತಲ್ಲ, ಆದರೆ ನನಗೆ ಸಾಕಾಯಿತು.

“ಕುಂದ್ರು,” ಎಂದು ಕೀಬೋರ್ಡನ್ನು ನನ್ನ ಕಡೆ ಸರಿಸಿದರು. “ನೀನ ಹೊಡಿ.”

ನಾಲ್ಕನ್ನೂ ಬಂದ್ ಮಾಡಿ ಮೂರನೆಯದರ ಕೇಬಲ್ ಬಿಡಿಸಿದರು. ಮೊದಲನೆಯದನ್ನು ಚಾಲೂ ಮಾಡಿ ಅದರ ದೀಪ ಬರುವವರೆಗೆ ಕಾಯಿಸಿದರು, ಆಮೇಲೆ ಎರಡನೆಯದು, ಆಮೇಲೆ ನಾಲ್ಕನೆಯದು. ಮೂರನೆಯದನ್ನು ಒಂಟಿಯಾಗಿ ಚಾಲೂ ಮಾಡಿ ನಾನು ಅಳಿಸಿದೆ, ಅಂಕಿ ಇಳಿಸಿದೆ. ಎರಡು ಸಲ ತಪ್ಪು ಹೊಡೆದೆ. ಅವರು ಗದರಿಸಲಿಲ್ಲ, ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ಆಮೇಲೆ ಅದನ್ನು ಬಂದ್ ಮಾಡಿ ಮತ್ತೆ ಜೋಡಿಸಿ ಸೇವ್ ಕೊಟ್ಟೆ. ಸುಮಾರು ಒಂದು ತಾಸಿನ ನಂತರ ಲಾರಿ ಲಿಂಬೆಹಣ್ಣು ಹಿಚುಕಿಕೊಂಡು ಹೊರಟಿತು. ಯಾರ ತಪ್ಪು ಇದು ಎಂದು ಮಾಲಕರು ಕೇಳಿದರು.

“ನಮ್ಮ ಸೆಕ್ಷನ್ನಿಂದ್ರಿ. ಬರದ ಕೊಡ್ತೀವಿ,” ಎಂದರು ಅಕ್ಕೋರು.

ಮರುದಿನ ವಿಜಯದಶಮಿ. ಸಂಜೆ ಬನ್ನಿ ಎಲೆ ಹಿಡಿದು ಕಮರಿಪೇಟೆಯ ಅವರ ಮನೆಗೆ ಹೋದೆ. ನಮ್ಮ ಕಡೆ ಬನ್ನಿ ಕೊಟ್ಟುಕೊಂಡರೆ ವರ್ಷದ ಜಗಳವೆಲ್ಲ ಮುಗಿದಂತೆ. ಅವರೂ ಬನ್ನಿ ತಗೊಂಡರು, ಬಂಗಾರದಂಗ ಇರೋಣು ಎಂದರು. ಅವರ ತಂಗಿ ಚಹಾ, ಚೂಡಾ ಕೊಟ್ಟರು. ಬದುಕಿದೆ ಎಂದುಕೊಂಡು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದನಿ ಬಂತು.

“ನಾಳೆ ಬಂದ ಕೂಡ್ಲೆ ರಜಿಸ್ಟರದಾಗ ಬರಿ. ನೋಡಿಲ್ಲ ಅನ್ನೂದೂ ಬರಿ, ನೋಡೇನಿ ಅಂದದ್ದೂ ಬರಿ.”

ಬರೆದೆ, ನಾಲ್ಕು ಸಾಲು. ಸಿಟ್ಟಿನಲ್ಲಿ ಪೆನ್ನು ಹಾಳೆ ಹರಿಯುವಷ್ಟು ಒತ್ತಿತ್ತು. ಅಕ್ಕೋರು ಮನಸ್ಸು ಮಾಡಿದ್ದರೆ ನನ್ನನ್ನು ಉಳಿಸಬಹುದಿತ್ತು ಎಂದು ಒಳಗೊಳಗೇ ಕುದಿದೆ. ರಜಿಸ್ಟರ್ ಅವರ ಮೇಜಿಗೆ ಹೋಯಿತು, ಅಲ್ಲಿಂದ ಮ್ಯಾನೇಜರರ ಕೋಣೆಗೆ. ಮರಳಿ ಬರಲಿಲ್ಲ. ನನ್ನ ಪ್ರೊಬೇಷನ್ ಆರು ತಿಂಗಳು ಮುಂದೆ ಹೋಯಿತು, ಅಷ್ಟೇ. ಅಕ್ಕೋರು ದೀಪಾವಳಿಗೆ ಮೊದಲೇ ಆಡಿದ ಮಾತಿನಂತೆ ಕುರ್ಚಿ ಬಿಟ್ಟರು. ಕೆಲಸ ಹೊರಗಿನವರ ಕೈಗೆ ಹೋಯಿತು. ಅವರು ಮನೆಯಲ್ಲಿಯೇ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುತ್ತಿದ್ದಾರೆಂದು ಬಸ್ಸಿನಲ್ಲಿ ಯಾರೋ ಹೇಳಿದರು. ನಾನು ಆ ಕಡೆ ಹೋಗಲಿಲ್ಲ. ಮೊದಲ ವರ್ಷ ಸಿಟ್ಟು, ಆಮೇಲೆ ನಾಚಿಕೆ. ನಾಲ್ಕು ದಸರಾ ಹೀಗೆಯೇ ಕಳೆದವು. ಐದನೆಯದು ಬರುವುದರೊಳಗೆ ಅವರು ಹೋಗಿಬಿಟ್ಟರು. ಸುದ್ದಿ ನನಗೆ ತಿಳಿದದ್ದು ದಿನಕರ್ಮವೆಲ್ಲ ಮುಗಿದ ಮೇಲೆ.

ಅದೇ ವರ್ಷ ಮ್ಯಾನೇಜರರು ನಿವೃತ್ತರಾದರು. ಗುತ್ತಿಗೆಯೂ ಮುಗಿದು ಸೆಕ್ಷನ್ ನನ್ನ ಪಾಲಿಗೆ ಬಂತು. ಮ್ಯಾನೇಜರರ ಕಪಾಟು ಖಾಲಿ ಮಾಡುವಾಗ ಕೆಂಪು ರಜಿಸ್ಟರ್ ಸಿಕ್ಕಿತು. ನಾನು ಬರೆದ ಪುಟ ಥಟ್ಟನೆ ಸಿಕ್ಕಿತು, ಪೆನ್ನು ಒತ್ತಿದ ಗುರುತು ಹಾಳೆಯ ಹಿಂಬದಿಯಲ್ಲೂ ಎದ್ದಿತ್ತು. ನನ್ನ ನಾಲ್ಕು ಸಾಲಿನ ಕೆಳಗೆ ಅಕ್ಕೋರ ಸಣ್ಣ ಅಕ್ಷರ:

“ಈತ ನಿಜ ಬರೆದಿದ್ದಾನೆ, ಇವನನ್ನು ಇಟ್ಟುಕೊಳ್ಳಬೇಕು. ನಾನು ಕೇಳಿದೆ, ನೋಡಲಿಲ್ಲ. ನೋಡುವುದು ನನ್ನ ಕೆಲಸವಾಗಿತ್ತು. ತಪ್ಪು ನನ್ನದು.”

ಕೆಳಗೆ ಸಹಿ. ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಆ ಕಪಾಟಿನ ಮುಂದೆ ನೆಲದ ಮೇಲೆ ಕೂತು ಅತ್ತೆ.

ಆ ವಿಜಯದಶಮಿಗೆ ಬನ್ನಿ ಹಿಡಿದು ಕಮರಿಪೇಟೆಗೆ ಹೋದೆ. ಬಾಗಿಲು ತೆಗೆದ ತಂಗಿ ನನ್ನ ಗುರುತು ಹಿಡಿದರು. ದಸರಾ ಬಂದಾಗೊಮ್ಮೆ ಅಕ್ಕ ನನ್ನ ಮಾತು ತೆಗೆಯುತ್ತಿದ್ದಳು ಎಂದರು.

“ಆ ಹುಡುಗಾ ಈಗರೆ ಕಣ್ಣಿಲೆ ನೋಡಾಕ ಕಲತಾನೋ ಇಲ್ಲೋ ಅಂತಿದ್ಲು. ಕಲತೀರೇನ್ರಿ?”

ಹೌದು ಎನ್ನಲು ಬಾಯಿ ತೆರೆದೆ. ಹಿಂದೊಮ್ಮೆ ಇಂಥದೇ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟವನು ನಾನು. ಬನ್ನಿಯನ್ನು ಅವರ ಕೈಯಲ್ಲಿಟ್ಟು ಕಾಲಿಗೆ ಬಿದ್ದೆ.