ಹೊಸ ಎಂಜಿನ್ನಿನ ಮೊದಲ ಆಯುಧಪೂಜೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರು ದನಿ ಅಪ್ಪನ ಗಾಡಿಯದು. ಹಿಂಭಾಗದಲ್ಲಿ ಎದುರುಬದುರು ಬೆಂಚುಗಳಿದ್ದ ಹಳೆಯ ಡೀಸೆಲ್ ಜೀಪು. ಬೆಳಿಗ್ಗೆ ಅಪ್ಪ ಅದನ್ನು ಚಾಲೂ ಮಾಡಿದರೆ ದಿಲ್ಲಿಯ ಮುನಿರ್ಕಾದಲ್ಲಿದ್ದ ನಮ್ಮ ಬಾಡಿಗೆ ಮನೆಯ ಕಿಟಕಿಗಾಜು ಗಡಗಡ ನಡುಗುತ್ತಿತ್ತು. ಸೈನ್ಯದಲ್ಲಿ ಡ್ರೈವರ್ ಆಗಿದ್ದ ಅಪ್ಪ ನಿವೃತ್ತಿಯ ನಂತರ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಿಡಿದಿದ್ದರು. ಗಾಡಿ ಓಡಿದರೆ ನಮಗೆ ದಿಲ್ಲಿ, ನಿಂತರೆ ಗಂಟುಮೂಟೆ ಕಟ್ಟಬೇಕಿತ್ತು.

ಆಗ ದಿಲ್ಲಿಯ ಗಾಳಿ ಹೊಗೆಯಿಂದ ಕೆಟ್ಟುಹೋಗಿತ್ತು. ಬಾಡಿಗೆಗೆ ಓಡುವ ಗಾಡಿಗಳೆಲ್ಲ ಇನ್ನು ಸಿಎನ್‌ಜಿ ಗ್ಯಾಸಿನಲ್ಲೇ ಓಡಬೇಕೆಂದು ಆದೇಶವಾಯಿತು. ಅಪ್ಪನಿಗೆ ಬೇರೆ ದಾರಿಯಿರಲಿಲ್ಲ. ಡೀಸೆಲ್ ಎಂಜಿನ್ ಕೀಳಿಸಿ ಗ್ಯಾಸಿನದನ್ನು ಕೂರಿಸಿದರು. ಗೇರ್‌ಬಾಕ್ಸ್ ಮಾತ್ರ ಹಳೆಯದೇ ಉಳಿಯಿತು. ಅಪ್ಪನ ಜೊತೆ ನಾನೂ ವರ್ಕ್‌ಶಾಪಿಗೆ ಹೋಗಿದ್ದೆ. ಹಳೆಯ ಎಂಜಿನ್ ನೆಲದ ಮೇಲೆ ಬಿದ್ದಿತ್ತು. ಹಿಂದಿನ ಆಯುಧಪೂಜೆಯ ಕುಂಕುಮ ಅದರ ಎಣ್ಣೆಜಿಡ್ಡಿನಲ್ಲಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಅಪ್ಪ ಆ ಕಡೆ ನೋಡಲೇ ಇಲ್ಲ.

"ಕುಛ್ ದಿನ್ ಖಾಲಿ ಚಲಾಯಿಯೇ, ಸಾಬ್," ಎಂದ ಮೆಕ್ಯಾನಿಕ್. ಕೆಲವು ದಿನ ಯಾರನ್ನೂ ಕೂರಿಸಬೇಡಿ, ಹೊಸ ಎಂಜಿನ್ ಹಳೆಯ ಗೇರಿಗೆ ಹೊಂದಿಕೊಳ್ಳುತ್ತದೋ ಇಲ್ಲವೋ ನೋಡಿ ಎಂದು ಅವನ ಮಾತು.

ಆದರೆ ಮರುದಿನವೇ ಆಯುಧಪೂಜೆ. ಅಮ್ಮ ಬಾನೆಟ್ ತೆಗೆಸಿ ಹೊಸ ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದರು. ಚೆಂಡುಹೂವಿನ ಮಾಲೆ ಬಿತ್ತು, ಊದುಬತ್ತಿಯ ಹೊಗೆ ಎದ್ದಿತು. ಚಕ್ರದಡಿ ಇಟ್ಟ ನಿಂಬೆಹಣ್ಣುಗಳು ಪಚಕ್ಕನೆ ಒಡೆದವು. ಪೂಜೆಯಾದ ಮೇಲೆ ಕ್ವಾರ್ಟರ್ಸ್‌ನ ಕನ್ನಡದವರ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಒಂದು ಸುತ್ತು ಹಾಕುವುದು ಪ್ರತಿವರ್ಷದ ಪದ್ಧತಿ.

ಅಪ್ಪ ಅನುಮಾನಿಸಿದರು. "ಮೆಕ್ಯಾನಿಕ್ ಬೇಡ ಅಂದಿದ್ದಾನೆ ಕಣೇ."

"ಪೂಜೆ ಮಾಡಿದ ಗಾಡೀನ ಖಾಲಿ ಹೊರಡಿಸ್ತಾರೇನ್ರೀ? ಮಕ್ಕಳು ಆಗಲೇ ಬಂದು ನಿಂತಿವೆ," ಎಂದರು ಅಮ್ಮ. ನಾವು ಅಷ್ಟು ಹೊತ್ತಿಗೆ ಒಬ್ಬರ ತೊಡೆಯ ಮೇಲೊಬ್ಬರು ಕೂತು ಚುರುಮುರಿ ತಿನ್ನುತ್ತಿದ್ದೆವು. ಮೊಮ್ಮಕ್ಕಳೇ, ನಿಮ್ಮ ಹಾಗೆ ಬೆಲ್ಟು ಬಿಗಿದುಕೊಂಡು ಬೊಂಬೆಗಳಂತೆ ಕೂರುವವರಲ್ಲ ನಾವು.

ಸಮದಾರಿಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಸದ್ದೇ ಇಲ್ಲವೆಂದು ಎಲ್ಲರೂ ಹೊಗಳಿದರು. ಫ್ಲೈಓವರ್ ಏರತೊಡಗಿದಾಗ ಮಾತ್ರ ಅದರ ದಮ್ಮು ಕಟ್ಟಿತು. ಅಪ್ಪ ಮೂರನೇ ಗೇರಿನಿಂದ ಎರಡಕ್ಕೆ ತಂದರು, ಆಮೇಲೆ ಒಂದಕ್ಕೆ. ಅರ್ಧದಲ್ಲಿ ಎಂಜಿನ್ ಆಫ್ ಆಯಿತು. ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಹಿಂದೆ ಹಾರ್ನ್‌ಗಳ ಅಬ್ಬರ. ಪುಟ್ಟ ಮಕ್ಕಳು ಅಳತೊಡಗಿದವು. ನಮ್ಮೊಡನೆ ಕೂತಿದ್ದ ನನ್ನ ಅಕ್ಕ ಕೆಳಗೆ ಹಾರಿ, ರಸ್ತೆಬದಿಯಲ್ಲಿದ್ದ ಇಟ್ಟಿಗೆಯನ್ನು ಚಕ್ರಕ್ಕೆ ಅಡ್ಡ ಕೊಟ್ಟಳು.

ಎಷ್ಟೇ ಪ್ರಯತ್ನಿಸಿದರೂ ಆಗಲಿಲ್ಲ. ಹಿಮದ ಬೆಟ್ಟಗಳಲ್ಲಿ ಲಾರಿ ಓಡಿಸಿದ ನನ್ನ ಅಪ್ಪ, ಸ್ಟಿಯರಿಂಗಿನಿಂದ ಕೈ ತೆಗೆದು ನಮ್ಮತ್ತ ತಿರುಗಿದರು.

"ಎಂಜಿನ್ ಗ್ಯಾಸಿಂದು, ಗೇರು ಡೀಸೆಲ್‌ದು. ಒಂದಕ್ಕೊಂದು ಮಾತೇ ಆಡ್ತಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ಎಲ್ಲರೂ ಇಳೀರಿ ಮಕ್ಕಳೇ," ಎಂದರು.

ನಾವು ಇಳಿದದ್ದೇ ತಡ, ಗಾಡಿ ಸಲೀಸಾಗಿ ಏರಿಹೋಯಿತು. ನಾವು ಕೈಕೈ ಹಿಡಿದು ಸಾಲಾಗಿ ನಡೆದು ಮೇಲೆ ತಲುಪಿದೆವು. ಹೂವಿನ ಮಾಲೆ ಹಾಕಿಕೊಂಡ ಖಾಲಿ ಗಾಡಿಯ ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

ದಸರಾ ರಜೆ ಮುಗಿದ ಮೇಲೆ ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸಿದರು. ಯಾರೂ ಜಗಳವಾಡಲಿಲ್ಲ. "ತಪ್ಪು ತಿಳ್ಕೋಬೇಡಿ ಸಾರ್, ಮಕ್ಕಳ ವಿಷಯ," ಎಂದರು. ಅಪ್ಪ ಅಂತಹವರಿಗೂ ಕಾಫಿ ಕೊಡಿಸಿ ಕಳಿಸುತ್ತಿದ್ದರು. ಬೇಸಿಗೆಯ ಹೊತ್ತಿಗೆ ಗಾಡಿ ಮಾರಿ ನಾವು ದಿಲ್ಲಿ ಬಿಟ್ಟೆವು. ಅಪ್ಪ ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ.

ಆಮೇಲೆ ಐದು ದಶಕಗಳೇ ಕಳೆದವು; ಈಗ ನೀವು ಅದೇ ದಿಲ್ಲಿಯಲ್ಲಿದ್ದೀರಿ. ನಿಮ್ಮ ಕರೆಂಟಿನ ಗಾಡಿಗೆ ಹೊಗೆಯಿಲ್ಲ, ಕ್ಲಚ್ಚಿಲ್ಲ, ಬದಲಿಸಲು ಗೇರೂ ಇಲ್ಲ. ಗಾಳಿ ಹಗುರಾಗಿದೆ, ಅದು ನನಗೆ ಸಂತೋಷವೇ. ಈ ಸಲದ ಆಯುಧಪೂಜೆಗೆ ನೀವು ಬಾನೆಟ್ ತೆಗೆದು ಕುಂಕುಮದ ಬಟ್ಟಲು ಹಿಡಿದು ನಿಂತಿರಿ. ಒಳಗೆ ಎಂಜಿನ್ನೇ ಇರಲಿಲ್ಲ, ಬ್ಯಾಗಿಡುವ ಜಾಗ ಮಾತ್ರ.

"ತಾತಾ, ಇಸ್‌ಮೇಂ ಎಂಜಿನ್ ಹೀ ನಹೀಂ ಹೈ. ಕುಂಕುಮ ಎಲ್ಲಿ ಹಚ್ಚಲಿ?" ಎಂದು ಕೇಳಿದಿರಿ. ಸ್ಟಿಯರಿಂಗಿಗೆ ಹಚ್ಚಿ ಎಂದೆ.

ಆಮೇಲೆ ಎಲ್ಲರೂ ತುಂಬಿಕೊಂಡು ಒಂದು ಸುತ್ತು ಹೊರಟೆವು. ಅದೇ ಫ್ಲೈಓವರ್ ಬಂತು. ನೀವು ಚುರುಮುರಿ ತಿನ್ನುತ್ತ ನಗುತ್ತಿದ್ದಿರಿ. ಗಾಡಿ ತುದಿ ಮುಟ್ಟುವವರೆಗೂ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ ನಾನು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದೆ.