ಗಾಜಿನ ಬುರುಡೆಗೆ ಮರದ ಬಳೆ

"ಬಣ್ಣ ಬೀಳದಿದ್ರೆ ಅದು ಸೌದೆ ಕಣವ್ವ" ಎನ್ನುತ್ತಿದ್ದ ನಮ್ಮಪ್ಪ. ಚನ್ನಪಟ್ಟಣದ ಬೊಂಬೆ ಕಡೆಯುವವರ ಮನೆಯಲ್ಲಿ ಹುಟ್ಟಿದ ನನಗೂ ಅದೇ ನಂಬಿಕೆ. ಗಿಲಕಿಯಾಗಲಿ, ಬುಗುರಿಯಾಗಲಿ, ಅರಗಿನ ಬಣ್ಣ ಹತ್ತದೆ ನಮ್ಮ ಹೊಸ್ತಿಲು ದಾಟಿದ್ದೇ ಇಲ್ಲ. ಲೇತಿನಲ್ಲಿ ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮೈಗೆ ಹಿಡಿಯುತ್ತದೆ. ದಿನಾ ಕರಗಿಸುವ ನಾವೇ ಒಂದು ಸಲ ಅರಗು ಕರಗುತ್ತದೆನ್ನುವುದನ್ನು ಮರೆತೆವು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಹೆದ್ದಾರಿ ಅಗಲವಾಗಿ, ಅದರ ಪಕ್ಕದಲ್ಲಿ ಫ್ಯಾಕ್ಟರಿ ಶೆಡ್ಡುಗಳು ಏಳುತ್ತಿದ್ದ ವರ್ಷಗಳವು. ಬೆಂಗಳೂರಿನಿಂದ ಒಬ್ಬರು ಬಂದರು. ಸಿ.ಡಿ. ಪ್ಲೇಯರನ್ನು ಕೈಯಾರೆ ಕಟ್ಟುವ ಹುಚ್ಚು ಅವರಿಗೆ. ಅದರ ನೆತ್ತಿಯ ಮೇಲೆ ಎರಡು ವಾಲ್ವು ನಿಲ್ಲಿಸಿದ್ದರು; ಅಜ್ಜನ ಕಾಲದ ರೇಡಿಯೋದೊಳಗೆ ಇರುತ್ತಿದ್ದಂಥ ಗಾಜಿನ ಬುರುಡೆಗಳು. ಉರಿಯುವಾಗ ಸುಡುವಷ್ಟು ಬಿಸಿಯಾಗುತ್ತವೆ, ಕೈ ತಾಗದಂತೆ ಅವಕ್ಕೆ ಎರಡು ಮರದ ಬಳೆ ಬೇಕಿತ್ತು. ಬಣ್ಣ ಬೇಡ, ಬರೀ ಮರ ಸಾಕು ಎಂದು ಹೇಳಿಯೇ ಹೋದರು. ಬುರುಡೆಗಳು ಜೋಡಿ, ಒಂದು ಹೋದರೆ ಅಂಥದ್ದು ಇನ್ನು ಸಿಗದು ಎಂದೂ ಹೇಳಿದ್ದರು.

ಅಪ್ಪ ಕೇಳಬೇಕಲ್ಲ. ಪಾಪ, ಸಂಕೋಚಕ್ಕೆ ಬೇಡ ಅಂದಿದ್ದಾರೆ ಎಂದುಕೊಂಡ. ಹಾಲೆ ಮರದಲ್ಲಿ ಬಳೆ ಕಡೆದು, ಒಳಬಾಯಿಯನ್ನೂ ಬಿಡದೆ ಕೆಂಪರಗು ಹಾಕಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ. ನನಗೂ ಅದೇ ಸರಿಯೆನಿಸಿತು.

ಅವರು ಮತ್ತೆ ಬಂದಾಗ ಪ್ಲೇಯರಿನ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟರು. ಕೆಂಪು ನೋಡಿ ನಕ್ಕರು, ಬೇಡವೆನ್ನಲಿಲ್ಲ. ಬಳೆ ತೊಡಿಸಿ ಸ್ವಿಚ್ ಹಾಕಿದರು. ಬುರುಡೆಯೊಳಗೆ ಮೆಲ್ಲಗೆ ಕೆಂಡ ಹುಟ್ಟಿತು. ಸಿ.ಡಿ. ಬಿಲ್ಲೆಯ ಮೇಲಿರುವುದು ಬರೀ ಅಂಕೆ, ಯಂತ್ರ ಅದನ್ನು ಧ್ವನಿ ಮಾಡುತ್ತದೆ, ಆ ಧ್ವನಿ ಈ ಬೆಂಕಿಯನ್ನು ಹಾದು ಹೊರಗೆ ಬರುತ್ತದೆ ಎಂದರು. ಹೆಂಗಸೊಬ್ಬಳು ಹಾಡತೊಡಗಿದಳು. ಸಾಲಿನ ನಡುವೆ ಆಕೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ನನಗೆ ಮೈ ಜುಮ್ಮೆಂದಿತು. ಅಂಕೆಗೆ ಉಸಿರು ಎಲ್ಲಿಂದ ಬಂತು?

ಎರಡನೇ ಹಾಡಿಗೆ ನಮ್ಮ ಅಂಗಡಿಯದೇ ವಾಸನೆ ಮೂಗಿಗೆ ಬಡಿಯಿತು. ಅರಗು ಮೆತ್ತಗಾಗಿ ಗಾಜಿಗೆ ಅಂಟುತ್ತಿತ್ತು. ನಾನು ಗಾಬರಿಯಲ್ಲಿ ಒದ್ದೆ ಬಟ್ಟೆ ತಂದೆ. ಒದ್ದೆ ತಾಗಿದರೆ ಬಿಸಿ ಗಾಜು ಸೀಳಿಹೋಗುತ್ತದೆಂದು ಅವರು ಕೈ ಅಡ್ಡ ಇಟ್ಟರು. ಸ್ವಿಚ್ ಆರಿಸಿ, ಬಳೆಗಳನ್ನು ಒಣಬಟ್ಟೆಯಲ್ಲಿ ಹಿಡಿದು ಎತ್ತಿದರು. ಗಾಜು ತಣಿಯಲೆಂದು ಕೂತೆವು. ಅಪ್ಪನ ಮುಖ ನೋಡುವಂತಿರಲಿಲ್ಲ. ಬೇಡವೆಂದದ್ದನ್ನು ಮಾಡಿ, ಸಿಗದ ವಸ್ತುವನ್ನು ಕೆಡಿಸಿದೆನೇ ಎಂಬ ಭಯ ಅವನಿಗೆ.

ತಣಿದ ಮೇಲೆ ಅಪ್ಪ ಗಾಜಿಗಂಟಿದ ಅರಗನ್ನು ಉಗುರಿನಿಂದ ಚೂರುಚೂರೇ ಎಬ್ಬಿಸಿದ. ಕೂಸಿನ ಮೈ ಒರೆಸುವ ಹಾಗೆ ಸ್ಪಿರಿಟ್ಟಿನಲ್ಲಿ ಒರೆಸಿದ. ಆಮೇಲೆ ಲೇತಿಗೆ ಕೂತು ಸ್ವಲ್ಪ ಅಗಲದ ಎರಡು ಹೊಸ ಬಳೆ ಕಡೆದ. ಅಭ್ಯಾಸಬಲದಿಂದ ಕೈ ಅರಗಿನ ಕಡ್ಡಿಯತ್ತ ಹೋಯಿತು, ಬರಿಗೈಯಲ್ಲೇ ಹಿಂದಕ್ಕೆ ಬಂತು.

ಅವರು ಹೊಸ ಬಳೆ ತೊಡಿಸಿ ಮತ್ತೆ ಸ್ವಿಚ್ ಹಾಕಿದರು. ಒಂದು ಬುರುಡೆ ಬೆಳಗಿತು. ಇನ್ನೊಂದು ಕಪ್ಪಗೇ ಇತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ತಡವಾಗಿ ಅದೂ ಕೆಂಪಗಾಯಿತು, ಅದೇ ಹೆಂಗಸು ಅದೇ ಜಾಗದಲ್ಲಿ ಉಸಿರೆಳೆದುಕೊಂಡಳು. ಬಿಳಿ ಮರದ ಒಳಮೈ ತುಂಬ ಕೆಂಡದ ಬಣ್ಣ ಹರಡಿತ್ತು. ಅಂಥ ಬಣ್ಣ ನಮ್ಮ ಯಾವ ಕಡ್ಡಿಯಲ್ಲೂ ಇರಲಿಲ್ಲ.

"ಇದು ಬಣ್ಣನ ಒಳಗೇ ಮಡಿಕಂಡೈತೆ ಕಣವ್ವ. ನಾವ್ಯಾಕೆ ಬಳೀಬೇಕು" ಎಂದ ಅಪ್ಪ.

ಆ ಬಳೆಗಳು ಬರೀ ಮೈಯಲ್ಲೇ ನಮ್ಮ ಹೊಸ್ತಿಲು ದಾಟಿದವು. ಬಸ್‌ಸ್ಟ್ಯಾಂಡಿನವರೆಗೂ ಪೆಟ್ಟಿಗೆಯನ್ನು ಅಪ್ಪನೇ ಹೊತ್ತ, ಬೇರೆ ಯಾರ ಕೈಗೂ ಕೊಡಲಿಲ್ಲ.