ಹೊಸ ಮೋಟಾರಿನ ತೂಕ

ಎರಡು ಸಾವಿರದ ಇಸವಿಯ ಆಚೀಚೆ, ಬಿಟಿಎಂ ಕಡೆಯ ಒಂದು ಕೆರೆಯಲ್ಲಿ ನಮ್ಮ ಯಜಮಾನರು ಬೋಟಿಂಗ್ ನಡೆಸುತ್ತಿದ್ದರು. ಇದ್ದದ್ದು ಒಂದೇ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ ಒಂದು ಹಳೆಯ ಟೂ-ಸ್ಟ್ರೋಕ್ ಮೋಟಾರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು, ಕುಡಿದು ಹೊಗೆ ಉಗುಳುತ್ತಿತ್ತು, ಮನಸ್ಸು ಬಂದ ದಿನ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಆದರೆ ಹಗುರ. ಕೆರೆಯಲ್ಲೇ ಬಿಟ್ಟರೆ ಕಳ್ಳರ ಪಾಲು ಎಂದು ದಿನಾ ಸಂಜೆ ಅದನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಕೆರೆಯ ಏರಿ ಹತ್ತಿ ಆಟೋಗೆ ತರುತ್ತಿದ್ದರು. ವಾಕಿಂಗಿಗೆ ಬಂದ ಅಂಕಲ್‌ಗಳು ನೋಡಲಿ ಎಂದು ಸ್ವಲ್ಪ ಹೆಚ್ಚೇ ನೆಟ್ಟಗೆ ನಡೆಯುತ್ತಿದ್ದರು.

ಆ ಅಂಕಲ್‌ಗಳೇ ಹೊಗೆಯ ಬಗ್ಗೆ ದೂರು ಕೊಟ್ಟರು. ಹೊಗೆ ಉಗುಳದ ಫೋರ್-ಸ್ಟ್ರೋಕ್ ಹಾಕದಿದ್ದರೆ ಬೋಟಿಂಗ್ ಬಂದ್ ಎಂದಾಯಿತು. ಅಳೆದೂ ಸುರಿದೂ ಕೊನೆಗೆ ಹೊಸದು ತಂದರು.

ಸುಳ್ಳು ಹೇಳಬಾರದು, ಬಂಗಾರದಂಥ ಮೋಟಾರು. ಒಂದೇ ಎಳೆತಕ್ಕೆ ಸ್ಟಾರ್ಟ್. ದೋಣಿಯಲ್ಲಿ ಕೂತವರು ಮೆಲ್ಲಗೆ ಮಾತಾಡಿದರೂ ಕೇಳುತ್ತಿತ್ತು. ಆದರೆ ವಾಲ್ವು, ಅದನ್ನು ಆಡಿಸುವ ಶಾಫ್ಟು, ಆಯಿಲ್ ನಿಲ್ಲುವ ತಳ ಎಂದು ಹಳೆಯದರಲ್ಲಿ ಇಲ್ಲದ್ದೆಲ್ಲ ಅದರೊಳಗಿತ್ತು. ಶಕ್ತಿ ಅಷ್ಟೇ, ತೂಕ ಮಾತ್ರ ಜಾಸ್ತಿ.

"ರೀ, ಕೆರೆ ವಾಚ್‌ಮನ್ನ ಕರೀರಿ, ಒಂದು ಕಡೆ ಹಿಡ್ಕೋತಾನೆ" ಎಂದೆ.

"ಇಷ್ಟು ವರ್ಷ ಯಾರನ್ನ ಕರೆದಿದ್ದೆ? ಸುಮ್ನಿರು."

ಒಂದು ಭಾನುವಾರ ಏರಿ ಹತ್ತುವಾಗ ಬೆನ್ನು ಹಿಡಿಯಿತು. ಆಗಲೂ ಮೋಟಾರನ್ನು ನಿಧಾನಕ್ಕೆ ಇಳಿಸಿ, ಆಮೇಲೆ ತಾವು ಕುಸಿದರಂತೆ. ವಾಚ್‌ಮನ್ನೇ ಆಟೋದಲ್ಲಿ ಮನೆಗೆ ಕರೆತಂದ. "ತೂಕಕ್ಕಲ್ಲ, ಕಾಲು ಜಾರ್ತು ಅಷ್ಟೇ" ಎಂದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಡಿಸ್ಕ್ ಜಾರಿದೆ, ಇನ್ನು ಭಾರ ಎತ್ತುವಂತಿಲ್ಲ, ದೋಣಿಯೂ ಬೇಡ ಎಂದರು ಡಾಕ್ಟರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿಗಿಂತ ಹೆಚ್ಚು ಸಂಕಟ. ಅಷ್ಟು ದುಡ್ಡು ಸುರಿದ ಮೋಟಾರು ಕೆಟ್ಟರೆ ಏನು ಗತಿ ಎಂದು ಇಬ್ಬರೂ ಹೆದರಿದ್ದೆವು. ಅದು ಒಂದು ದಿನವೂ ಕೆಡಲಿಲ್ಲ.

ಅದನ್ನು ಕೊಳ್ಳಲು ಒಬ್ಬ ಗಟ್ಟಿಮುಟ್ಟಾದ ಆಳು ನಮ್ಮ ಮನೆಗೆ ಬಂದ.

"ಯಾಕೆ ಸಾರ್ ಮಾರ್ತಿದೀರ? ಏನಾದ್ರೂ ಪ್ರಾಬ್ಲಮ್ಮಾ?"

"ಎಂಜಿನ್‌ಗೆ ಏನೂ ಇಲ್ಲ."

ಮಾತು ಮುಗಿದು, ಆತ ಮೋಟಾರು ಎತ್ತಲು ಬಗ್ಗಿದ. ಇವರು ಕುರ್ಚಿಯಿಂದಲೇ ಕೈ ಅಡ್ಡ ಹಿಡಿದರು.

"ಒಬ್ರೇ ಎತ್ಬೇಡಿ." ಆಮೇಲೆ ನನ್ನ ಕಡೆ ತಿರುಗಿದರು. "ಇನ್ನೊಂದು ಕಡೆ ನೀನು ಸ್ವಲ್ಪ ಹಿಡ್ಕೊ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದೆ. ಇಬ್ಬರಿಗೆ ಅದು ಅಂಥ ಭಾರವೇನೂ ಇರಲಿಲ್ಲ.